ಶಫೀಯ ಮೊದಲನೆಯ ‘ಬೇಡ’

ಐರ್ಲೆಂಡಿನ ಗಾಲ್ವೇಯಿಂದ ಬಸ್ಸು ಹಿಡಿದರೆ ಮುಕ್ಕಾಲು ಗಂಟೆ ದೂರವಿರುವ ನಮ್ಮ ಹಳ್ಳಿಯಲ್ಲಿ ಒಂದು ಚರ್ಚು, ಒಂದು ಪೆಟ್ರೋಲ್ ಬಂಕು, ಒಂದು ಪಬ್ಬು ಮತ್ತು ಎರಡು ಕನ್ನಡ ಸಂಸಾರಗಳಿವೆ. ಜನ ಅತಿ ಹೆಚ್ಚು ಸೇರುವುದು ಪಬ್ಬಿನಲ್ಲಿ, ಅತಿ ಕಡಿಮೆ ಸೇರುವುದು ನಮ್ಮ ಮನೆಯಲ್ಲಿ. ನಮ್ಮ ಮನೆಯಲ್ಲಿ ನನ್ನ ಹೆಂಡತಿ ಶಕುಂತಲಾ ಮಾಡಿದ ತಿಂಡಿಯ ಜೊತೆಗೆ ನನ್ನ ಮಾತನ್ನೂ ಮುಗಿಸಿಯೇ ಏಳಬೇಕಾಗುತ್ತದೆ ಎಂಬುದು ಊರಿಗೆಲ್ಲ ಗೊತ್ತಾಗಿಬಿಟ್ಟಿದೆ.

ಎರಡನೆಯ ಸಂಸಾರ ಶಫೀಯದು. ಅವನು ಹೃದಯದ ರಕ್ತನಾಳಕ್ಕೆ ತೂರಿಸುವ ಸಣ್ಣ ಜಾಲರಿಗಳನ್ನು ಮಾಡುವ ಕಂಪನಿಯಲ್ಲಿ ಕ್ವಾಲಿಟಿ ನೋಡುವವನು. ಹೆಂಡತಿ ರೆಹಾನಾ ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರು. ‘ಗಂಡ ಕಂಪನಿಯಲ್ಲಿ ಮಾಡಿದ್ದನ್ನು ಹೆಂಡತಿ ಆಸ್ಪತ್ರೆಯಲ್ಲಿ ಜನರ ಎದೆಯೊಳಗೆ ಕೂರಿಸುತ್ತಾಳೆ, ಎಂಥ ದಾಂಪತ್ಯ!’ ಎಂದು ನಾನು ಕಂಡಕಂಡವರಿಗೆ ಹೇಳಿಕೊಂಡು ತಿರುಗುತ್ತಿದ್ದೆ. ಆಕೆ ಮೂಳೆಯ ಡಾಕ್ಟರು ಎಂದು ನನಗೆ ತಿಳಿದದ್ದು ಬಹಳ ತಡವಾಗಿ, ನನ್ನದೇ ಮೊಣಕಾಲು ಕೈಕೊಟ್ಟಾಗ.

ಗಾಲ್ವೇಯಲ್ಲಿ ಬಾಡಿಗೆಗೆ ಮನೆ ಸಿಗುವುದಕ್ಕಿಂತ ಬಾಡಿಗೆಗೆ ಹಡಗು ಸಿಗುವುದು ಸುಲಭ. ಹಾಗಾಗಿ ಆರು ವರ್ಷದ ಹಿಂದೆ ಶಫೀ ಸಂಸಾರ ಸಮೇತ ಈ ಹಳ್ಳಿಗೆ ಬಂದ. ಬಸ್ ಸ್ಟಾಪು ಪಬ್ಬಿನ ಕಿಟಕಿಯ ಮುಂದೆಯೇ ಇದೆ. ನಮ್ಮೂರಿನ ಬಸ್ಸು ಬರಲೇಬೇಕೆಂದು ಹಟ ಹಿಡಿಯುವ ಬಸ್ಸಲ್ಲ. ಮಳೆ ಹಾಗಲ್ಲ, ಬಂದೇ ಬರುತ್ತದೆ. ಒಂದು ಸಂಜೆ ಅವನು ಪಟ್ಟಣಕ್ಕೆ ಹೋಗಲೆಂದು ಅಲ್ಲಿ ನೆನೆಯುತ್ತ ನಿಂತಿದ್ದಾಗ ಪಬ್ಬಿನ ಯಜಮಾನಿ ನೋರೀನ್ ಬಾಗಿಲು ತೆರೆದು ಕೂಗಿದಳು.

“ಒಳಗೆ ಬನ್ನಿ ಮಾರಾಯರೇ, ಆ ಮಳೆ ನಿಮ್ಮನ್ನ ಕೇಳಿ ನಿಲ್ಲಲ್ಲ.”

“ಇಲ್ಲ, ನಾನು ಕುಡಿಯಲ್ಲ,” ಎಂದ ಶಫೀ.

“ಬಸ್ಸೂ ಕುಡಿಯಲ್ಲ. ಆದ್ರೂ ದಾರಿ ತಪ್ಪಿದ ಹಾಗೆ ಬರತ್ತೆ. ಚಹಾ ಐತೆ, ಬನ್ನಿ.”

“ಬೇಡ, ಪರವಾಗಿಲ್ಲ.”

“ಕೆಟಲ್ ಇಟ್ಟಾಯ್ತು.”

ಚಹಾದ ವಿಷಯದಲ್ಲಿ ಈ ದೇಶದವರ ಕಿವಿಗೆ ‘ಬೇಡ’ ಎಂಬ ಮಾತು ಬೀಳುವುದೇ ಇಲ್ಲ. ಶಫೀ ಒಳಗೆ ಹೋದ. ಬಸ್ಸು ಬಂತು, ಹೋಯಿತು. ಅವನು ಹೋಗಲಿಲ್ಲ. ಅಂದು ಗುರುವಾರ, ಹಾಡಿನ ಸಂಜೆ.

ಅಂದಿನಿಂದ ಪ್ರತಿ ಗುರುವಾರ ಅವನದು ಕಿಟಕಿಯ ಪಕ್ಕದ ಮೂಲೆ. ನೋರೀನ್ ಅವನಿಗಾಗಿ ಒಂದು ಪಿಂಗಾಣಿ ಟೀಪಾಟು ಬೇರೆ ಇಟ್ಟಳು. ಅದಕ್ಕೆ ಹಸಿರು ಉಣ್ಣೆಯ ಟೊಪ್ಪಿಗೆಯನ್ನೂ ಹೆಣೆದು ಹಾಕಿದಳು. ಇಲ್ಲಿ ಗುಂಪಿನಲ್ಲಿ ಕೂತವರು ಸರದಿಯ ಮೇಲೆ ಎಲ್ಲರಿಗೂ ಕೊಡಿಸಬೇಕೆಂಬ ಪದ್ಧತಿ ಇದೆ, ಅದನ್ನು ರೌಂಡ್ ಎನ್ನುತ್ತಾರೆ. ಶಫೀಯ ರೌಂಡ್ ಬಂತೆಂದರೆ ಇಡೀ ಮೇಜಿಗೆ ಚಹಾ. ಮೊದಮೊದಲು ಕುರಿ ಸಾಕುವ ದೊಡ್ಡ ದೊಡ್ಡ ಆಳುಗಳು ಟೀ ಕಪ್ಪನ್ನು ಪೋಲಿಯೋ ಹನಿಗೆ ಬಾಯಿ ತೆರೆದ ಮಕ್ಕಳ ಹಾಗೆ ಮುಖ ಮಾಡಿಕೊಂಡು ನೋಡುತ್ತಿದ್ದರು. ಆಮೇಲೆ, ಮನೆಗೆ ಗಾಡಿ ಓಡಿಸಬೇಕಾದವರೆಲ್ಲ ಶಫೀಯ ರೌಂಡಿಗೇ ಕಾಯುವ ಹಾಗಾಯಿತು. ನನ್ನ ಸಂಗತಿ ಬೇರೆ. ನಾನು ಅರ್ಧ ಗ್ಲಾಸು ಬಿಯರು ಹಿಡಿದು ಇಡೀ ಸಂಜೆ ಕೂರುವವನು. ನನ್ನ ಗ್ಲಾಸಿನಲ್ಲಿ ಕುಡಿದು ಮುಗಿಯುವುದಕ್ಕಿಂತ ಆವಿಯಾಗಿ ಹೋಗುವುದೇ ಹೆಚ್ಚು ಎಂದು ನೋರೀನ್ ಹೇಳುತ್ತಾಳೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಹಾಡಿನ ಸಂಜೆಗೆ ಇಲ್ಲೊಂದು ನಿಯಮವಿದೆ. ಒಬ್ಬರು ಹಾಡಿದ ಮೇಲೆ ಮುಂದೆ ಯಾರು ಹಾಡಬೇಕೆಂದು ಹೇಳುವ ಹಕ್ಕು ಹಾಡಿದವರಿಗೇ ಸೇರಿದ್ದು. ಅದಕ್ಕೆ ನೋಬಲ್ ಕಾಲ್, ಅಂದರೆ ಗೌರವದ ಕರೆ, ಎಂದು ಹೆಸರು. ತಾನಾಗಿ ಎದ್ದು ಹಾಡುವವನನ್ನು ಜನ ಸಹಿಸಿಕೊಳ್ಳುತ್ತಾರೆ, ಅಷ್ಟೆ. ಕರೆಸಿಕೊಂಡು ಹಾಡುವವನೇ ನಿಜವಾದ ಹಾಡುಗಾರ. ಶಫೀ ಬಂದ ಮೊದಲ ಗುರುವಾರವೇ ಪೋಸ್ಟ್‌ಮ್ಯಾನ್ ಡೆಕ್ಲನ್, ತನ್ನ ಹಾಡು ಮುಗಿಸಿ, “ನನ್ನ ಕಾಲ್, ಕಿಟಕಿ ಹತ್ರ ಕೂತಿರೋ ಹೊಸಬರಿಗೆ,” ಎಂದ.

ನಾನು ಕಣ್ಣಾರೆ ನೋಡಿದೆ. ಶಫೀ ಕಪ್ಪನ್ನು ಪಕ್ಕಕ್ಕೆ ಸರಿಸಿದ. ಗಂಟಲು ಸರಿಮಾಡಿಕೊಂಡ. ಬೆನ್ನು ನೆಟ್ಟಗಾಯಿತು. ಎದೆಯ ಮೇಲೆ ಕೈಯಿಟ್ಟು, “ಅಯ್ಯೋ, ನಾನಾ? ಬೇಡ ಬೇಡ,” ಎಂದ.

ನಮ್ಮಲ್ಲಿ ಹುಟ್ಟಿದ ಯಾವ ಮಗುವಿಗಾದರೂ ಗೊತ್ತು, ಅದು ಒಪ್ಪಿಗೆಯ ಮೊದಲ ಮೆಟ್ಟಿಲು ಎಂದು. ಐರಿಷ್ ಜನರಿಗೂ ಗೊತ್ತು. ಅವರೂ ಕರೆದ ಕೂಡಲೇ ಹಾಡುವವರಲ್ಲ, ಮೂರು ಸಲ ಒತ್ತಾಯ ಮಾಡಿಸಿಕೊಂಡೇ ಬಾಯಿ ತೆರೆಯುವವರು. ಆದರೆ ಅಂದು ನೋರೀನ್‌ಗೆ ಎಲ್ಲಿಲ್ಲದ ಸೌಜನ್ಯ ಉಕ್ಕಿಬಂತು. “ಡೆಕ್ಲನ್, ಬಿಡೋ ಅವರನ್ನ,” ಎಂದು ಪಿಸುಗುಟ್ಟಿದಳು. ಅವಳ ಪಿಸುಮಾತು ಚರ್ಚಿನವರೆಗೂ ಕೇಳುತ್ತದೆ. “ಅವರ ಧರ್ಮದಲ್ಲಿ ಹೆಂಗೋ ಏನೋ. ಬಲವಂತ ಮಾಡ್ಬಾರದು.”

ಡೆಕ್ಲನ್ ಕೆಂಪಾದ. ಕ್ಷಮೆ ಕೇಳಿದ. ಮರುದಿನ ಟಪಾಲಿನ ಜೊತೆ ಒಂದು ಕೇಕನ್ನೂ ತಂದುಕೊಟ್ಟ. ಅಲ್ಲಿಂದ ಆರು ವರ್ಷ, ಕರೆ ಆ ಮೂಲೆಯ ಹತ್ತಿರ ಬಂದಾಗಲೆಲ್ಲ, ರಸ್ತೆಯ ಗುಂಡಿ ಕಂಡ ಕಾರಿನ ಹಾಗೆ, ಮೆಲ್ಲಗೆ ಬಳಸಿಕೊಂಡು ಮುಂದಿನ ಕುರ್ಚಿಗೆ ಹೋಗುತ್ತಿತ್ತು. ಪಾಪ, ಎಲ್ಲರೂ ಒಳ್ಳೆಯವರೇ. ಒಳ್ಳೆಯವರ ಕೈಗೆ ಸಿಕ್ಕವನ ಕಷ್ಟ ಯಾರಿಗೂ ಬೇಡ.

ಆ ಮೊದಲ ಗುರುವಾರ ಮನೆಗೆ ನಡೆಯುವಾಗ ಶಫೀ ಹೇಳಿದ, “ಇನ್ನೊಂದ್ಸಲ ಕೇಳ್ತಾರೆ ಅಂದ್ಕೊಂಡೆ ಕಣೋ ಗೋಪಾಲ.”

“ನೀನು ಬೇಡ ಅಂದ್ಯಲ್ಲಪ್ಪ.”

“ಮೊದಲನೇ ಸಲಕ್ಕೇ ಯಾವನಾದ್ರೂ ಹೂಂ ಅಂತಾನಾ? ಮಾನ ಮರ್ಯಾದೆ ಬೇಡ್ವಾ?”

ಇದು ಅವನ ಹುಟ್ಟುಗುಣ. ಡಬ್ಲಿನ್ನಿನ ಲೆಪರ್ಡ್ಸ್‌ಟೌನಿನಲ್ಲಿ ಒಂದು ಕಂಪನಿಯವರು ಮ್ಯಾನೇಜರ್ ಕೆಲಸಕ್ಕೆ ಬರ್ತೀರಾ ಎಂದು ಕೇಳಿದಾಗ ಇವನು, “ಅಷ್ಟು ದೊಡ್ಡ ಕೆಲಸಕ್ಕೆ ನಾನೆಲ್ಲಿ ಸಾರ್,” ಎಂದು ವಿನಯ ತೋರಿಸಿದ್ದ. ಅವರು ಥ್ಯಾಂಕ್ಸ್ ಹೇಳಿ ಫೋನಿಟ್ಟು ಬೇರೆಯವರನ್ನು ತೆಗೆದುಕೊಂಡರು. ರೆಹಾನಾ ಇದನ್ನು ಹೇಳುವಾಗ ಕೊನೆಗೆ ಒಂದು ಮಾತು ತಪ್ಪದೆ ಸೇರಿಸುತ್ತಾಳೆ: “ನಿಕಾಹ್‌ನಲ್ಲಿ ಖಾಜಿ ಮೂರ್ ಸಲ ಕೇಳೋ ಪದ್ಧತಿ ಇದ್ದಿದ್ದಕ್ಕೆ ನಮ್ ಮದುವೆ ಆಯ್ತು ನೋಡಿ ಗೋಪಾಲಣ್ಣ. ಒಂದೇ ಸಲ ಕೇಳಿದ್ದಿದ್ರೆ ಇವ್ರು ಇನ್ನೂ ಬ್ಯಾಚುಲರ್.” ಗಾಲ್ವೇಯಲ್ಲೇ ಹುಟ್ಟಿ ಬೆಳೆದ ಮಗಳು ಮೆಹ್ವಿಶ್‌ಗೆ ಅಪ್ಪನ ಸಂಕಟ ಅರ್ಥವೇ ಆಗುವುದಿಲ್ಲ. “ಅಬ್ಬಾ, ಜಸ್ಟ್ ಟೆಲ್ ದೆಮ್ ಯೂ ಸಿಂಗ್, ಇಟ್ಸ್ ಗ್ರ್ಯಾಂಡ್!” ಎಂದು ಅಪ್ಪಟ ಗಾಲ್ವೇ ರಾಗದಲ್ಲಿ ಹೇಳಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಳ್ಳುತ್ತಾಳೆ.

ಹಾಡು ಬಾರದವನಾಗಿದ್ದರೆ ಚಿಂತೆ ಇರಲಿಲ್ಲ. ಶಫೀಯ ಹುಟ್ಟೂರು ಗದಗದ ಕಡೆಯ ಒಂದು ಹಳ್ಳಿ. ಬೆಂಗಳೂರು ಅವನ ಮಾತನ್ನು ತೊಳೆದು ಇಸ್ತ್ರಿ ಮಾಡಿದ್ದರೂ ಹಾಡು ಮಾತ್ರ ಊರಿನದೇ ಉಳಿದಿತ್ತು. ಅವನ ದೊಡ್ಡಪ್ಪ ಮೊಹರಂ ಹೊತ್ತಿನಲ್ಲಿ ಹೆಜ್ಜೆಮೇಳ ಕಟ್ಟುತ್ತಿದ್ದವರು. ಮುಂದಾಳು ಒಂದು ಸಾಲು ಎತ್ತಿಕೊಡುತ್ತಾನೆ; ಹಿಮ್ಮೇಳದವರು, ಅವರಲ್ಲಿ ಅರ್ಧಕ್ಕರ್ಧ ಗೌಡರು, ಕುರುಬರು, ಹೆಜ್ಜೆ ಹಾಕುತ್ತ ಅದನ್ನೇ ತಿರುಗಿ ಹೇಳುತ್ತಾರೆ. ಹಾಡೆಲ್ಲ ಕನ್ನಡ. ಯುದ್ಧಕ್ಕೆ ಹೋದವರ, ನೀರಡಿಸಿದವರ, ಬಾಗಿಲಲ್ಲಿ ಕಾದವರ ಹಾಡು. ಆ ದೊಡ್ಡಪ್ಪನ ಪದಗಳು ಶಫೀಯ ಹೊಟ್ಟೆಯೊಳಗೆ ಹಾಗೇ ಕೂತಿದ್ದವು. ಅವನ ಮನೆಯ ಹಿತ್ತಲಲ್ಲಿ ಒಮ್ಮೆ ಕೇಳಿದ್ದೇನೆ. ಬೇಲಿಯಾಚೆ ಕುರಿಗಳು ಮೇಯುವುದನ್ನು ನಿಲ್ಲಿಸಿದ್ದವು; ನಾನು ಹಾಡಿದಾಗಲೂ ನಿಲ್ಲಿಸಿದ್ದವು, ಆದರೆ ಆಗ ಅವು ಓಡಿಹೋದವು.

“ನಾನು ನೋರೀನ್‌ಗೆ ಹೇಳ್ತೀನಿ ಬಿಡೋ,” ಎಂದು ಎಷ್ಟೋ ಸಲ ಹೇಳಿದೆ.

“ಹೇಳಿದ್ರೆ ನಿನ್ನ ಮಾತಾಡ್ಸಲ್ಲ. ಹೇಳಿ ಕರೆಸ್ಕೊಳ್ಳೋದು ಒಂದು ಕರೆಯಾ? ಬೇಕಾದ್ರೆ ನೀನೊಂದು ಹಾಡು ಹಾಡು, ಆಮೇಲೆ ನಿನ್ನ ಹಕ್ಕಲ್ಲಿ ನನ್ನ ಕರಿ. ಅದು ನ್ಯಾಯ.”

“ನಾನು ಹಾಡಿದ್ರೆ ನಿನ್ನ ಕರೆಯೋ ಹೊತ್ತಿಗೆ ಪಬ್ಬಲ್ಲಿ ಯಾರು ಉಳಿದಿರ್ತಾರೋ?”

ಅಲ್ಲಿಗೆ ನ್ಯಾಯವೂ ಮುಗಿಯಿತು.

ಈ ವರ್ಷ ವಿಷಯ ಬಿಗಡಾಯಿಸಿತು. ರೆಹಾನಾಗೆ ಕಾರ್ಕ್‌ನ ಆಸ್ಪತ್ರೆಯಲ್ಲಿ ಒಳ್ಳೆಯ ಕೆಲಸ ಸಿಕ್ಕಿತು. ಅಲ್ಲಿನ ಡಗ್ಲಸ್ ಬಡಾವಣೆಯಲ್ಲಿ ಮನೆ ಗೊತ್ತಾಯಿತು, ಶಾಪಿಂಗ್ ಸೆಂಟರ್ ಪಕ್ಕದಲ್ಲೇ. ಬೇಸಿಗೆಯಲ್ಲಿ ಹೊರಡುವುದೆಂದಾಯಿತು. ಎಲ್ಲರೂ ಅಭಿನಂದಿಸಿದರು. ಶಫೀ ನಗುತ್ತಲೇ ಇದ್ದ, ಆದರೆ ಟೀಪಾಟಿನ ಹಸಿರು ಟೊಪ್ಪಿಗೆಯನ್ನು ಸುಮ್ಮನೆ ತೆಗೆಯುವುದು, ಹಾಕುವುದು ಮಾಡುತ್ತಿದ್ದ. “ಆರು ವರ್ಷ ಈ ಊರಲ್ಲಿ ಇದ್ದೆ. ನಾನು ಹಾಡ್ತೀನಿ ಅಂತ ಇಲ್ಲಿ ಒಬ್ಬರಿಗೂ ಗೊತ್ತಾಗದೆ ಹೋಗ್ತೀನಲ್ಲೋ,” ಎಂದ.

ಮೇ ತಿಂಗಳ ಕೊನೆಯ ಭಾನುವಾರ ಮಧ್ಯಾಹ್ನ ಪಬ್ಬಿನಲ್ಲಿ ಯೋಧರ ದಿನ. ಈ ಸಣ್ಣ ಊರಿಂದ ಎಷ್ಟೋ ಜನ ವಿಶ್ವಸಂಸ್ಥೆಯ ಶಾಂತಿಪಡೆಗೆ ಹೋಗಿದ್ದಾರೆ. ಲೆಬನಾನ್, ಸೈಪ್ರಸ್, ಕಾಂಗೋ. ಇಬ್ಬರು ಹಿಂದಿರುಗಲಿಲ್ಲ. ಬಾರ್ ಕೌಂಟರಿನ ಮೇಲೆ ಗಾಜಿನ ಪೆಟ್ಟಿಗೆಯಲ್ಲಿ ಅವರಲ್ಲೊಬ್ಬರ ನೀಲಿ ಟೊಪ್ಪಿಗೆ ಇದೆ. ನೋರೀನ್ ಅಂದು ಆ ಗಾಜನ್ನು ತಾನೇ ಒರೆಸುತ್ತಾಳೆ, ಬೇರೆ ಯಾರಿಗೂ ಮುಟ್ಟಲು ಬಿಡುವುದಿಲ್ಲ. ಇಬ್ಬರ ಹೆಸರು ಓದುತ್ತಾರೆ, ಎಲ್ಲರೂ ಎದ್ದು ನಿಲ್ಲುತ್ತಾರೆ, ಒಂದು ಕ್ಷಣ ಮೌನ. ಆಮೇಲೆ ಬಾಗಿಲು, ಕಿಟಕಿ ಎಲ್ಲ ತೆರೆದು ಪಿಟೀಲು, ಕಾನ್ಸರ್ಟಿನಾ, ಡೆಕ್ಲನ್‌ನ ಬೋರಾನ್ ಎಂಬ ಚರ್ಮದ ತಮಟೆ. ದುಃಖವನ್ನು ಹೆಚ್ಚು ಹೊತ್ತು ಒಂಟಿಯಾಗಿ ಕೂರಿಸುವುದು ಈ ಜನಕ್ಕೆ ಒಗ್ಗುವುದಿಲ್ಲ.

ಆ ದಿನದ ಮೊದಲ ಹಾಡೂ ಮೊದಲ ಕರೆಯೂ ಅಲ್ಲಿರುವ ಹಿರಿಯ ಯೋಧರದು. ಕಳೆದ ವರ್ಷದವರೆಗೆ ಅದು ಒಬ್ಬ ಮುದುಕರದಾಗಿತ್ತು. ಅವರು ತೀರಿಕೊಂಡ ಮೇಲೆ ಈ ಸಲ ಫಿಂಟನ್‌ಗೆ ಬಂತು. ಫಿಂಟನ್ ಲೆಬನಾನಿನ ದಕ್ಷಿಣದ ಹಳ್ಳಿಗಳಲ್ಲಿ ಶಾಂತಿಪಡೆಯ ನೀರಿನ ಟ್ಯಾಂಕರ್ ಓಡಿಸಿದವರು. ಈಗ ಗಾಲ್ವೇಯಲ್ಲಿ ಮಗಳ ಮನೆಯಲ್ಲಿದ್ದು, ಈ ದಿನಕ್ಕೆ ಮಾತ್ರ ಬರುತ್ತಾರೆ. ಡಾಕ್ಟರು ಕುಡಿತ ಬಿಡಿಸಿದ್ದರಿಂದ ನೋರೀನ್ ಅವರನ್ನು ಚಹಾದವರ ಮೂಲೆಗೆ, ಅಂದರೆ ಶಫೀಯ ಮೇಜಿಗೆ, ತಂದು ಕೂರಿಸಿದಳು.

ಶಕುಂತಲಾ ಒಂದು ಡಬ್ಬಿ ಕೋಡುಬಳೆ ಕಳಿಸಿದ್ದಳು. ಶಫೀ ಅದನ್ನು ಫಿಂಟನ್‌ರ ಮುಂದೆ ಹಿಡಿದ.

“ತಗೊಳ್ಳಿ.”

“ಬೇಡಪ್ಪ, ಹಲ್ಲಿಲ್ಲ.”

“ಒಂದೇ ಒಂದು. ಚಹಾದಲ್ಲಿ ಅದ್ದಿದ್ರೆ ಮೆತ್ತಗಾಗತ್ತೆ.”

“ಬೇಡ, ಈಗ ತಾನೇ ಊಟ ಆಗಿದೆ.”

“ನನಗೋಸ್ಕರ ತಗೊಳ್ಳಿ. ಇಲ್ಲಾಂದ್ರೆ ಮಾಡಿದವರು ಬೇಜಾರ್ ಮಾಡ್ಕೋತಾರೆ.”

ಮುದುಕ ಕೋಡುಬಳೆ ತೆಗೆದುಕೊಂಡರು. ಅದನ್ನು ತಿನ್ನದೆ, ಬೆರಳಿಗೆ ಸಿಕ್ಕಿಸಿಕೊಂಡು, ಶಫೀಯ ಮುಖವನ್ನೇ ಬಹಳ ಹೊತ್ತು ನೋಡಿದರು. ನಾನು ಇದನ್ನು ಗಮನಿಸಿದೆ, ಆದರೆ ಕೋಡುಬಳೆ ಗಟ್ಟಿಯಾಯಿತೇನೋ ಎಂದುಕೊಂಡೆ. ನನ್ನ ಸೂಕ್ಷ್ಮ ಅಷ್ಟೇ.

ಹೆಸರುಗಳು ಓದಿ ಆದವು. ಮೌನ ಆಯಿತು. ಫಿಂಟನ್ ಎದ್ದು, ಎಣ್ಣೆ ಕಾಣದ ಗೇಟಿನಂಥ ದನಿಯಲ್ಲಿ, ಊರಿನ ಹೊಳೆಯ ಮೇಲೆ ಒಂದು ಹಾಡು ಹಾಡಿದರು. ಎಲ್ಲರೂ ಗ್ಲಾಸು ಕುಟ್ಟಿದರು. ಆಮೇಲೆ ಅವರು ತಿರುಗಿ, “ನನ್ನ ಕಾಲ್, ನನ್ನ ಪಕ್ಕದಲ್ಲಿರೋ ಈ ಮನುಷ್ಯನಿಗೆ,” ಎಂದರು.

ಆರು ವರ್ಷ ಕಾದ ಕರೆ, ಊರಿನ ಅತಿ ದೊಡ್ಡ ದಿನ, ಅತಿ ಹಿರಿಯನ ಬಾಯಿಂದ! ನಾನು ಮನಸ್ಸಿನಲ್ಲೇ, ‘ಹೂಂ ಅನ್ನೋ, ಮಹಾರಾಯ, ಹೂಂ ಅನ್ನೋ,’ ಎಂದು ಮಂತ್ರ ಜಪಿಸಿದೆ.

ಶಫೀ ಕಪ್ಪನ್ನು ಪಕ್ಕಕ್ಕೆ ಸರಿಸಿದ. ಗಂಟಲು ಸರಿಮಾಡಿಕೊಂಡ. ಬೆನ್ನು ನೆಟ್ಟಗಾಯಿತು. ಎದೆಯ ಮೇಲೆ ಕೈಯಿಟ್ಟು, “ಅಯ್ಯೋ, ನಾನಾ? ಬೇಡ ಬೇಡ,” ಎಂದ.

ನಾನು ಹಣೆ ಚಚ್ಚಿಕೊಂಡೆ. ಅವನ ಮುಖ ನೋಡಿದರೆ, ಅವನಿಗೂ ತನ್ನ ಹಣೆ ಚಚ್ಚಿಕೊಳ್ಳಬೇಕೆನಿಸಿದ್ದು ಕಾಣುತ್ತಿತ್ತು. ಬಾಯಿ ತನ್ನ ಕೆಲಸ ತಾನು ಮಾಡಿಬಿಟ್ಟಿತ್ತು. ಕೌಂಟರಿನ ಹಿಂದಿನಿಂದ ನೋರೀನ್‌ಳ ಪಿಸುಮಾತು ಗುಡುಗಿತು: “ಫಿಂಟನ್, ಬಿಡಿ ಅವರನ್ನ. ಅವರ ಕಡೆ ಹಾಡಲ್ಲ.”

“ಯಾರು ಹೇಳಿದ್ದು?” ಎಂದರು ಫಿಂಟನ್.

“ಅವರೇ. ಡೆಕ್ಲನ್ ಒಂದ್ಸಲ ಕೇಳಿದ್ದ. ಬೇಡ ಅಂದ್ರು.”

“ಎಷ್ಟು ಸಲ ಕೇಳಿದ?”

“ಒಂದೇ ಸಲ. ಎರಡನೇ ಸಲ ಕೇಳೋದು ಮರ್ಯಾದೆನಾ?”

ಫಿಂಟನ್ ಬೆರಳಿನಲ್ಲಿದ್ದ ಕೋಡುಬಳೆಯನ್ನು ಎತ್ತಿ ಹಿಡಿದರು. “ನೋಡು ನೋರೀನ್, ಲೆಬನಾನ್‌ನಲ್ಲಿ ನೀರು ಕೊಡೋಕೆ ಹೋದ್ರೆ ಮನೆಯವರು ಕಾಫಿ ತರೋರು. ನಾನು ಬೇಡ ಅಂದ್ರೆ ತಿರುಗಿ ಕೇಳೋರು. ಇನ್ನೊಂದ್ಸಲ ಬೇಡ ಅಂದ್ರೆ ಕಪ್ಪು ಕೈಗೇ ಇಡೋರು. ನನಗೆ ಅದನ್ನ ಕಲಿಯೋಕೆ ಒಂದು ಚಳಿಗಾಲ ಬೇಕಾಯ್ತು. ಈ ಮನುಷ್ಯ ಈಗ ತಾನೇ ನನಗೆ ಅದನ್ನೇ ಮಾಡಿದ. ಕೊಡುವಾಗ ಮೂರು ಸಲ ಕೇಳೋನು, ತಾನು ಬೇಡ ಅನ್ನೋವಾಗ ಒಂದೇ ಸಲಕ್ಕೆ ನಿಲ್ಲಿಸ್ತಾನಾ?” ಶಫೀಯ ಕಡೆ ತಿರುಗಿದರು. “ಹಾಡ್ರಿ ಸಾರ್, ಒಂದು.”

“ನನ್ನ ದನಿ ಅಷ್ಟು ಚೆನ್ನಾಗಿಲ್ಲ,” ಎಂದ ಶಫೀ. ಅವನ ಕಿವಿ ಕೆಂಪಾಗಿತ್ತು.

“ನನ್ನದನ್ನ ಈಗ ತಾನೇ ಕೇಳಿದ್ರಲ್ಲ. ನನಗೋಸ್ಕರ ಹಾಡಿ.”

ಮೂರನೆಯದು. ಶಫೀ ಎದ್ದು ನಿಂತ.

“ಇದು ದಂಡಿಗೆ ಹೋದ ಮಗನಿಗೆ ಕಾಯೋ ತಾಯಿ ಹಾಡು,” ಎಂದು ಇಂಗ್ಲಿಷಿನಲ್ಲಿ ಹೇಳಿದ. “ಮಗ ನೀರಡಿಸಿ ಬರ್ತಾನೆ, ಬಾಗಿಲು ತೆರೆದಿಡು ಅಂತ. ಒಬ್ಬನೇ ಹಾಡೋದಲ್ಲ. ಹಿಮ್ಮೇಳ ಬೇಕು. ಗೋಪಾಲ, ಏಳು.”

“ನಾನಾ? ಬೇಡ ಬೇ...” ಎನ್ನುವಷ್ಟರಲ್ಲಿ ಇಬ್ಬರು ಕುರಿಗಾಹಿಗಳು ನನ್ನ ಕಂಕುಳಿಗೆ ಕೈಹಾಕಿ ಎಬ್ಬಿಸಿದ್ದರು.

ಅವನು ಎತ್ತಿಕೊಂಡ:

*ದಂಡಿಗೆ ಹೋದಾವ ನೀರಡಿಸಿ ಬರತಾನ*
*ಬಾಗಿಲ ತೆರೆದೀಡ ಹಡೆದವ್ವ, ತಾಯಿ*
*ಕೊಡವ ತುಂಬೀಡ ಹಡೆದವ್ವ.*

ಆ ದನಿ ಅವನದಲ್ಲ ಎನ್ನಿಸಿತು. ಕ್ವಾಲಿಟಿ ಮೀಟಿಂಗಿನಲ್ಲಿ ಮಾತಾಡುವ, ಬಸ್ಸಿಗೆ ಕಾಯುವ ಶಫೀ ಎಲ್ಲೋ ಹೋಗಿ, ಬಯಲಲ್ಲಿ ನಿಂತು ಮುಂದಿನ ಊರಿಗೆ ಕೇಳುವ ಹಾಗೆ ಹಾಡುವ ಮುಂದಾಳು ಬಂದಿದ್ದ. ನಾನು ‘ಹಡೆದವ್ವ’ ಎಂದು ಒಂದೇ ಸ್ವರದಲ್ಲಿ ಹಿಂದೆ ಹಿಂದೆ ಓಡಿದೆ. ಎರಡನೆಯ ಸುತ್ತಿಗೆ ಡೆಕ್ಲನ್‌ನ ಬೋರಾನ್ ಸೇರಿತು. ಹಲಗೆಯ ಪೆಟ್ಟು ಅವನಿಗೆ ಯಾರು ಹೇಳಿಕೊಟ್ಟರೋ, ಸರಿಯಾದ ಜಾಗದಲ್ಲೇ ಬಿತ್ತು. ಶಫೀ ಹೆಜ್ಜೆ ಹಾಕಿದ, ಎರಡು ಮುಂದೆ, ಒಂದು ಹಿಂದೆ. ಈ ಜನ ಕುಣಿತಕ್ಕೆ ಕಾಲು ಎತ್ತಲು ಎರಡನೆಯ ಸಲ ಹೇಳಿಸಿಕೊಳ್ಳುವವರಲ್ಲ. ಮೇಜುಗಳು ಪಕ್ಕಕ್ಕೆ ಹೋದವು. ಮರದ ನೆಲ ಅದುರಿತು. ಮೂರನೆಯ ಸುತ್ತಿಗೆ ಇಡೀ ಪಬ್ಬು “ಅಡೆದವ್ವ” ಎಂದು ಕೂಗುತ್ತಿತ್ತು. ಹಕಾರ ಬಿಟ್ಟುಹೋದದ್ದನ್ನು ಗದಗದವರು ಕ್ಷಮಿಸಬೇಕು. ಫಿಂಟನ್ ಕುರ್ಚಿಯಲ್ಲೇ ಕೂತು ನೀಲಿ ಟೊಪ್ಪಿಗೆಯ ಕಡೆ ನೋಡುತ್ತ ಕೋಡುಬಳೆಯಿಂದ ತಾಳ ಹಾಕುತ್ತಿದ್ದರು. ನೋರೀನ್ ಹೋಗಿ, ಆಗಲೇ ತೆರೆದಿದ್ದ ಬಾಗಿಲನ್ನು ಇನ್ನಷ್ಟು ತೆರೆದು ಒಂದು ಕಲ್ಲು ಅಡ್ಡ ಇಟ್ಟುಬಂದಳು. ಹೊರಗೆ ಬಸ್ಸು ಬಂದು, ನಿಂತು, ಡ್ರೈವರ್ ಎಂಜಿನ್ ಆಫ್ ಮಾಡಿದ.

ಹಾಡು ಮುಗಿದಾಗ ಎದ್ದ ಗದ್ದಲ ಬರೆಯಲು ಬಾರದು. ನೋರೀನ್ ಕಣ್ಣೊರೆಸಿಕೊಂಡು ಬಂದು ಅವನ ತೋಳಿಗೆ ಒಂದು ಗುದ್ದಿದಳು. “ಆರು ವರ್ಷ! ಆರು ವರ್ಷ ಕೂತು ನನ್ನ ಚಹಾ ಕುಡಿದು ಒಂದು ಮಾತು ಹೇಳಲಿಲ್ವಲ್ಲ ನೀವು!”

“ನೀವು ಇನ್ನೊಂದ್ಸಲ ಕೇಳಲಿಲ್ವಲ್ಲ,” ಎಂದ ಶಫೀ.

“ಇದು ಇನ್ನೂ ಅನ್ಯಾಯ,” ಎಂದು ಅವಳು ಇನ್ನೊಂದು ಗುದ್ದಿದಳು.

ಅಷ್ಟರಲ್ಲಿ ಯಾರೋ, “ಕಾಲ್! ಶಫೀಯ ಕಾಲ್!” ಎಂದು ಕೂಗಿದರು. ಹಾಡಿದವನಿಗೆ ಹಕ್ಕು ಬಂದಿತ್ತು. ಅವನು ಮೀಸೆಯಲ್ಲೇ ನಗುತ್ತ ಸುತ್ತಲೂ ನೋಡಿ, “ನನ್ನ ಕಾಲ್, ನನ್ನ ಗೆಳೆಯ ಗೋಪಾಲನಿಗೆ,” ಎಂದ.

“ಬೇಡ!” ಎಂದೆ. ಇಷ್ಟು ಪ್ರಾಮಾಣಿಕವಾದ ‘ಬೇಡ’ ಆ ಪಬ್ಬಿನಲ್ಲಿ ಯಾರೂ ಹೇಳಿರಲಿಕ್ಕಿಲ್ಲ.

“ಒಂದು,” ಎಂದು ಫಿಂಟನ್ ಬೆರಳೆತ್ತಿದರು.

“ನಿಜವಾಗ್ಲೂ ನನಗೆ ಹಾಡು ಬರಲ್ಲ! ಶಫೀ, ನೀನಾದ್ರೂ ಹೇಳೋ!”

“ಎರಡು. ಎಷ್ಟು ವಿನಯ ನೋಡಿ ಇವರದ್ದು,” ಎಂದ ಶಫೀ, ಪಾಪಿ.

ಮೂರನೆಯ ಬೇಡಕ್ಕೆ ಚಪ್ಪಾಳೆಯೇ ಬಿತ್ತು. ನನಗೆ ನೆನಪಿದ್ದ ಹಾಡುಗಳೆಲ್ಲ ಆ ಕ್ಷಣದಲ್ಲಿ ತಲೆಯಿಂದ ಹಾರಿಹೋದವು. ಉಳಿದದ್ದು ಪ್ರೈಮರಿ ಶಾಲೆಯ ರಾಜಮ್ಮ ಮೇಡಂ ಬೆತ್ತ ಹಿಡಿದು ರಾಗವಾಗಿ ಹೇಳಿಸುತ್ತಿದ್ದ ಹದಿಮೂರರ ಮಗ್ಗಿ ಒಂದೇ. ಕಣ್ಣು ಮುಚ್ಚಿ ಅದನ್ನೇ ಎತ್ತಿಕೊಂಡೆ. “ಹದಿಮೂರೊಂದ್ಲೆ ಹದಿಮೂರು, ಹದಿಮೂರೆರಡ್ಲೆ ಇಪ್ಪತ್ತಾರೂ...” ಎಲ್ಲಿ ತಪ್ಪಿ ಬೆತ್ತದ ಏಟು ಬೀಳುತ್ತದೋ ಎಂಬ ಹಳೆಯ ಭಯ ದನಿಯಲ್ಲಿ ತಾನಾಗಿ ನಡುಕ ತಂದಿತು. ಹದಿಮೂರೇಳರ ಹತ್ತಿರ ನಿಜಕ್ಕೂ ಗಂಟಲು ಕಟ್ಟಿತು, ಯಾಕೆಂದರೆ ಅದು ಎಷ್ಟೆಂದು ನನಗೆ ಆಗಲೂ ಗೊತ್ತಿರಲಿಲ್ಲ. ಮುಗಿಸಿ ಕಣ್ಣು ತೆರೆದಾಗ ಇಬ್ಬರು ಕುರಿಗಾಹಿಗಳು ಟೋಪಿ ತೆಗೆದು ಎದೆಗೆ ಹಿಡಿದಿದ್ದರು.

“ತುಂಬಾ ದುಃಖದ ಹಾಡು,” ಎಂದರು ಫಿಂಟನ್. “ಏಳನೇ ಸಾಲಿನಲ್ಲಿ ಯಾರೋ ಸತ್ತರು ಅಲ್ವಾ?”

ಶಫೀ ಮೇಜಿನ ಮೇಲೆ ಮುಖವಿಟ್ಟುಕೊಂಡು ಅದುರುತ್ತಿದ್ದ. ಅವನು ಅಳುತ್ತಿದ್ದಾನೆಂದು ಡೆಕ್ಲನ್ ಬೆನ್ನು ಸವರಿದ.

ಬೆಳಕು ಇನ್ನೂ ಇರುವಾಗಲೇ ಎಲ್ಲರೂ ಹೊರಟೆವು. ಬಾಗಿಲಲ್ಲಿ ನೋರೀನ್ ಶಫೀಯ ಕೈಗೆ ಆ ಟೀಪಾಟನ್ನು, ಹಸಿರು ಟೊಪ್ಪಿಗೆ ಸಮೇತ, ಕೊಡಲು ಹೋದಳು. ಆಮೇಲೆ ಏನನ್ನಿಸಿತೋ, ಹಿಂದಕ್ಕೆ ಎಳೆದುಕೊಂಡಳು. “ಇಲ್ಲ, ಇದು ಇಲ್ಲೇ ಇರಲಿ. ಕಾರ್ಕೇನು ದೂರ ಅಲ್ಲ. ಮುಂದಿನ ವರ್ಷ ಯೋಧರ ದಿನಕ್ಕೆ ನೀವೇ ಬಂದು ಆ ಹಾಡು ಹಾಡ್ಬೇಕು.”

ಶಫೀಯ ಮುಖ ಬೆಳಗಿತು. ಬೆನ್ನು ನೆಟ್ಟಗಾಯಿತು. ಕೈ ತಾನಾಗಿ ಎದೆಯ ಮೇಲೆ ಹೋಯಿತು.

“ಅಯ್ಯೋ, ನಾನಾ? ಬೇಡ ಬೇಡ, ಇಷ್ಟು ಜನ ದೊಡ್ಡವರಿರೋವಾಗ...”

ನೋರೀನ್ ಸುಮ್ಮನೆ ಒಂದು ಬೆರಳು ಎತ್ತಿದಳು. ಅವಳ ಹಿಂದೆ, ಬಾಗಿಲು ತುಂಬ ನಿಂತಿದ್ದ ಇಡೀ ಪಬ್ಬು, ಆಗ ತಾನೇ ನನ್ನ ಮಗ್ಗಿಯಲ್ಲಿ ಕಲಿತ ಕನ್ನಡದಲ್ಲಿ, ಒಕ್ಕೊರಲಿನಿಂದ ಕೂಗಿತು:

“ಒಂದ್ಲೇ!”